ನೆತ್ತಿಗೇರಿದ ಈರುಳ್ಳಿಯವರಿಗೆ

ಸನ್ಮಾನ್ಯ ಈರುಳ್ಳಿಯವರೇ,

ಹಳೇ ಮೈಸೂರಿನವಳಾದ್ದರಿಂದ ಹೀಗೆ ಕರೆಯುತ್ತಿದ್ದೇನೆ. ಗದಗಿನವರಿಗೆ ತಾವು ಉಳ್ಳಾಗಡ್ಡಿ, ಉಡುಪಿಯವರಿಗೆ ನೀರುಳ್ಳಿ ಎಂಬುದು ಗೊತ್ತಿದೆ. ಹೆಸರು ಏನೇ ಇರಲಿ, ಇಷ್ಟು ಕಾಲ ತಮ್ಮ ವಾಸ ಅಡುಗೆಮನೆಯ ಬುಟ್ಟಿಯಲ್ಲಿತ್ತು. ಈಗ ಬಚ್ಚಲುಮನೆಗೆ ಬಡ್ತಿ ಸಿಕ್ಕಿದೆ. ಎಣ್ಣೆ, ಶಾಂಪೂ, ಕಂಡೀಷನರ್, ಸೀರಮ್, ಯಾವ ಬಾಟಲಿ ತಿರುಗಿಸಿದರೂ ತಮ್ಮದೇ ಗುಲಾಬಿ ಮುಖ. ಕೆಲವು ಮನೆಗಳ ಕೋಸಂಬರಿಯಲ್ಲಿ ಸೌತೆಕಾಯಿಯ ಪಕ್ಕ ಕೂರಲೂ ಅನುಮತಿ ಇಲ್ಲದವರು ನೇರ ತಲೆಯ ಮೇಲೇ ಹೋಗಿ ಕೂತದ್ದು ಸಣ್ಣ ಸಾಧನೆಯಲ್ಲ. ಅಭಿನಂದನೆಗಳು.

ನಮ್ಮ ಮನೆಯೂ ಅಂಥದ್ದೇ. ಹಬ್ಬ, ತಿಥಿ, ಏಕಾದಶಿ, ಶನಿವಾರ ಎಂದು ತಮ್ಮನ್ನು ಹೊರಗಿಡುವ ದಿನಗಳನ್ನು ಕಳೆದರೆ ವರ್ಷದಲ್ಲಿ ಉಳಿಯುವುದು ಅರ್ಧ. ತಮ್ಮನ್ನು ರುಬ್ಬಲು ಮಿಕ್ಸಿಗೆ ಬೇರೆ ಜಾರ್ ಇದೆ. ಕಳೆದ ನವೆಂಬರಿನಲ್ಲಿ ಬಾಚಣಿಗೆ ಹಾಕಿದರೆ ಹಿಡಿಗೂದಲು ಬರತೊಡಗಿತು. ಬಚ್ಚಲ ಜಾಲರಿಯ ಮೇಲೆ ದಿನವೂ ಒಂದು ಗೀಜಗನ ಗೂಡು. ಎದುರುಮನೆಯಾಕೆ ತಮ್ಮ ಹೆಸರು ಸೂಚಿಸಿದರು. ಅತ್ತೆಯವರಿಗೆ ಹೇಗೆ ಹೇಳಲಿ ಎಂದು ನಾನು ತಡವರಿಸುತ್ತಿದ್ದರೆ ಅವರೇ ಶಾಸ್ತ್ರ ಬಿಡಿಸಿದರು: "ಹೊಟ್ಟೆಗಲ್ಲವಲ್ಲ, ತಲೆಗೆ ತಾನೆ? ಹೇಗೂ ಆಮೇಲೆ ಸ್ನಾನ ಆಗತ್ತೆ, ಮೈಲಿಗೆ ಅದರ ಜೊತೆಗೇ ಹೋಯ್ತು."

ಅಲ್ಲಿಂದ ನಾಲ್ಕು ತಿಂಗಳು ವಾರಕ್ಕೆ ಮೂರು ಸಲ ತಮ್ಮನ್ನು ತುರಿದೆ. ಹಳೇ ಪಂಚೆಯ ತುಂಡಿನಲ್ಲಿ ಹಿಂಡಿದೆ. ಹತ್ತಿಯಲ್ಲಿ ಅದ್ದಿ ಬೈತಲೆ ಬೈತಲೆಗೂ ಹಚ್ಚಿ, ಪ್ಲಾಸ್ಟಿಕ್ ಟೋಪಿ ಹಾಕಿಕೊಂಡು ಅರ್ಧ ಗಂಟೆ ಕೂತೆ. ಕೂದಲು ಹೋದ ದುಃಖಕ್ಕೆ ಅಳು ಬಂದಿರಲಿಲ್ಲ. ಆ ಕೊರತೆಯನ್ನು ತಾವು ತುಂಬಿಕೊಟ್ಟಿರಿ. ಎರಡೆರಡು ಸಲ ಶಾಂಪೂ ಹಾಕಿ ತೊಳೆದರೂ ಬೆವರು ಬಂದೊಡನೆ ತಾವು ಮರಳಿ ಬರುತ್ತಿದ್ದಿರಿ. ಒಂದು ಮಧ್ಯಾಹ್ನ ಬಿಎಂಟಿಸಿ ಬಸ್ಸಿನಲ್ಲಿ ಹಿಂದಿನ ಸೀಟಿನ ಹುಡುಗ ಅವನಮ್ಮನಿಗೆ ಕೇಳಿದ: "ಅಮ್ಮಾ, ಇಲ್ಲೆಲ್ಲೋ ಚುರುಮುರಿ ಮಾರ್ತಿದಾರೆ ಅಲ್ವಾ?"

ಫೆಬ್ರವರಿಗೆ ಹಣೆಯ ಅಂಚಿನಲ್ಲಿ ಎಳೆಗೂದಲು ಹುಟ್ಟಿತು. ಮನೆಯವರೆಲ್ಲ ತಮಗೆ ಜೈ ಎಂದರು. ನಾನೂ ಎಂದೆ. ಮದುವೆ ಮನೆಗಳಲ್ಲಿ ಕೇಳದವರಿಗೂ ಹೇಳಿಕೊಂಡು ತಿರುಗಿದೆ.

ಕಿವಿಯ ಹಿಂದೆ ಎದ್ದ ಉರಿ, ಕೆರೆತ ಮಾತ್ರ ಹೋಗಲಿಲ್ಲ. ಚರ್ಮದ ಡಾಕ್ಟರ ಬಳಿ ಹೋದೆ. ಆಕೆ ಏನು ಹಚ್ಚುತ್ತೀರಿ ಎಂದು ಕೇಳಲೂ ಇಲ್ಲ, ಮೂಗೇ ಹೇಳಿತ್ತು. "ಕೂದಲು ಉದುರುವುದಕ್ಕೆ ಮೂರು ತಿಂಗಳ ಹಿಂದೆ ಜ್ವರ ಬಂದಿತ್ತೇ?" ಎಂದರು. ಬಂದಿತ್ತು. ಆಗಸ್ಟಿನಲ್ಲಿ, ಡೆಂಗೆ.

ಆಕೆ ಹೇಳಿದ ಲೆಕ್ಕ ಹೀಗಿದೆ. ನೆತ್ತಿಯ ಮೇಲಿನ ಕೂದಲು ಸುಮಾರು 1 ಲಕ್ಷ. ದಿನಕ್ಕೆ 50ರಿಂದ 100 ಉದುರುವುದು ಮಾಮೂಲು. ಒಂದೊಂದು ಕೂದಲೂ ಕೆಲವು ವರ್ಷ ಬೆಳೆದು, ಎರಡು ಮೂರು ತಿಂಗಳು ಕೆಲಸವಿಲ್ಲದೆ ಕೂತು, ಆಮೇಲೆ ಉದುರುತ್ತದೆ. ಜೋರು ಜ್ವರ, ಹೆರಿಗೆ, ದೊಡ್ಡ ಆಪರೇಷನ್ ಆದಾಗ ಬೆಳೆಯಬೇಕಾದವೂ ಸಾಮೂಹಿಕವಾಗಿ ಕೂತುಬಿಡುತ್ತವೆ. ಜಾತ್ರೆ ಮುಗಿದ ಮೇಲೆ ಬಸ್ ಹತ್ತುವವರಂತೆ ಎಲ್ಲ ಒಟ್ಟಿಗೇ ಹೊರಡುತ್ತವೆ. ಬೇರು ಸತ್ತಿರುವುದಿಲ್ಲ. ಬೇರೇನೂ ತೊಂದರೆ ಇಲ್ಲದಿದ್ದರೆ ಸುಮಾರು ಆರು ತಿಂಗಳಲ್ಲಿ ಉದುರುವುದು ತಾನಾಗಿ ನಿಲ್ಲುತ್ತದೆ. ಜನ ಕಂಗಾಲಾಗಿ ಮದ್ದು ಶುರುಮಾಡುವುದು ಉದುರುವಿಕೆ ತುತ್ತತುದಿಗೆ ಹೋದಾಗ, ಅಂದರೆ ಅದು ಇಳಿಯುವ ಹೊಸ್ತಿಲಲ್ಲಿ. ಆಗ ಕೈಗೆ ಸಿಕ್ಕಿದ್ದು ಯಾವುದೋ ಕೀರ್ತಿ ಅದಕ್ಕೆ. ಮೆಂತ್ಯ ಸಿಕ್ಕಿದ್ದರೆ ಮೆಂತ್ಯಕ್ಕೆ, ಮೊಟ್ಟೆ ಸಿಕ್ಕಿದ್ದರೆ ಮೊಟ್ಟೆಗೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತಾರಲ್ಲ, ಆ ಕಾಗೆ ತಾವು. ಆಕೆ ನನಗೆ ಬರೆದುಕೊಟ್ಟಿದ್ದು ಕಬ್ಬಿಣಾಂಶದ್ದೊಂದು, ಥೈರಾಯ್ಡಿನದೊಂದು ರಕ್ತಪರೀಕ್ಷೆ, ಮತ್ತು ಉರಿಗೆ ಮುಲಾಮು.

ತಮ್ಮ ಬೆನ್ನಿಗೆ ವಿಜ್ಞಾನವೇ ಇಲ್ಲ ಎಂದು ನಾನು ಹೇಳುವುದಿಲ್ಲ, ಅದು ಅನ್ಯಾಯ. 2002ರಲ್ಲಿ ಬಾಗ್ದಾದಿನ ವೈದ್ಯರು 23 ಜನರಿಗೆ ದಿನಕ್ಕೆರಡು ಸಲ ತಮ್ಮ ರಸ ಹಚ್ಚಿಸಿದರು. ಆರು ವಾರದಲ್ಲಿ 20 ಜನರಿಗೆ ಕೂದಲು ಬಂತು. ಬರೀ ನಲ್ಲಿ ನೀರು ಹಚ್ಚಿಕೊಂಡವರಲ್ಲಿ ಬಂದದ್ದು ಇಬ್ಬರಿಗೆ. ಆದರೆ ಅವರಿಗೆ ಇದ್ದದ್ದು ಬಿಲ್ಲೆ ಬಿಲ್ಲೆಯಾಗಿ ಕೂದಲು ಹೋಗುವ ಕಾಯಿಲೆ, ನಮ್ಮಲ್ಲಿ ಹುಳ ತಿಂದಿದೆ ಎನ್ನುತ್ತೇವಲ್ಲ, ಅದು. ಹಲವರಲ್ಲಿ ತಾನಾಗಿಯೇ ವಾಸಿಯೂ ಆಗುತ್ತದೆ. ಆ ಬೆರಳೆಣಿಕೆಯ ಜನರ ಬಿಲ್ಲೆಗಳನ್ನು ತೋರಿಸಿ, ಜ್ವರದಿಂದ ಉದುರಿದವರಿಗೂ ಅಪ್ಪನಿಂದ ಬೋಳುತಲೆ ಪಡೆದವರಿಗೂ ಬಾಟಲಿ ಮಾರುವುದು ತಮ್ಮ ಹೆಸರು ಹೇಳಿಕೊಂಡು ಓಡಾಡುವವರ ಚಾತುರ್ಯ.

ಅವರ ಇನ್ನೊಂದು ವಾದ ಗಂಧಕದ್ದು. ಕೂದಲಿನ ಕೆರಾಟಿನ್‌ನಲ್ಲಿ ಗಂಧಕವಿದೆ, ತಮ್ಮಲ್ಲೂ ಇದೆ, ಆದ್ದರಿಂದ ಹಚ್ಚಿ ಎಂದು. ಮೂಳೆಗೆ ಸುಣ್ಣದಂಶ ಬೇಕೆಂದು ಗೋಡೆಯ ಸುಣ್ಣವನ್ನು ಮೊಣಕಾಲಿಗೆ ಬಳಿಯುವ ಲೆಕ್ಕ. ದೀಪಾವಳಿ ಪಟಾಕಿಯಲ್ಲೂ ಗಂಧಕವಿದೆ. ಭೂಚಕ್ರದ ಮೇಲೆ ತಲೆಯೊಡ್ಡಿ ಕೂತವರನ್ನು ನಾನಿನ್ನೂ ಕಂಡಿಲ್ಲ.

ದೀಪಾವಳಿ ಎಂದಾಗ ನೆನಪಾಯಿತು. ನಮ್ಮಜ್ಜಿ ನರಕ ಚತುರ್ದಶಿಯ ಬೆಳಗ್ಗೆ ತಲೆಗೆ ಎಣ್ಣೆ ತಟ್ಟಿ, ಹಂಡೆಯ ನೀರಿನಲ್ಲಿ ಸೀಗೆಪುಡಿ, ಚಿಗರೆಪುಡಿ ಹಾಕಿ ತಿಕ್ಕುತ್ತಿದ್ದರು. ಕಣ್ಣುರಿಯಲ್ಲಿ ಸೀಗೆ ತಮಗೇನೂ ಕಡಿಮೆಯಿರಲಿಲ್ಲ. ಆದರೆ ಅದು ಯಾವತ್ತೂ ಕೂದಲು ಬೆಳೆಸುತ್ತೇನೆ ಎಂದದ್ದಿಲ್ಲ. ಅದರಲ್ಲಿರುವ ಸ್ಯಾಪೊನಿನ್ ನೊರೆಯೆಬ್ಬಿಸಿ ಜಿಡ್ಡು ತೆಗೆಯುತ್ತದೆ, ತೆಗೆಯಿತು, ಹೋಯಿತು. ಕೊಬ್ಬರಿ ಎಣ್ಣೆಯೂ ಹಾಗೇ. ಅದು ಕೂದಲಿನ ಎಳೆಯೊಳಕ್ಕೆ ಇಳಿದು, ತೊಳೆಯುವಾಗ ಪ್ರೋಟೀನ್ ಸವೆಯುವುದನ್ನು ತಗ್ಗಿಸುತ್ತದೆ. ಇದ್ದದ್ದನ್ನು ಕಾಪಾಡುತ್ತದೆ, ಹೊಸದು ಹುಟ್ಟಿಸುವ ಭಾಷಣ ಮಾಡುವುದಿಲ್ಲ. ಮಲೆನಾಡಿನ ಕಡೆ ದಾಸವಾಳದ ಎಲೆ ಕಿವುಚಿ ಮಾಡುವ ಗೊಂಪಂತೂ ಎಷ್ಟು ಸಂಕೋಚದ್ದೆಂದರೆ ಬಾಟಲಿಗೆ ತುಂಬಿದರೆ ಕೆಟ್ಟೇ ಹೋಗುತ್ತದೆ.

ತಮ್ಮ ಊರಿನವರ ಸಮಾಚಾರವೂ ಒಂದಿಷ್ಟು. 2019ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ತಾವು ಕಿಲೋಗೆ 200 ರೂಪಾಯಿ ಮುಟ್ಟಿದಾಗ ಹೋಟೆಲಿನವರು ಈರುಳ್ಳಿ ದೋಸೆಯನ್ನೇ ಮರೆತಿದ್ದರು. ಫಸಲು ಹೆಚ್ಚಾದ ವರ್ಷ ಚಿತ್ರದುರ್ಗ, ಗದಗಿನ ರೈತರು ಕಿತ್ತ ಕೂಲಿಯೂ ಹುಟ್ಟದೆ ತಮ್ಮನ್ನು ರಸ್ತೆಗೆ ಸುರಿದದ್ದೂ ಇದೆ. ಆಗಲೂ ಬಾಟಲಿಯ ಬೆಲೆ ಒಂದು ರೂಪಾಯಿ ಇಳಿದದ್ದನ್ನು ನಾನು ಕಾಣೆ. ತಾವು ಆ ಕಡೆಯೂ ಸ್ವಲ್ಪ ಪ್ರಭಾವ ಬೀರಬಹುದಿತ್ತು.

ಇರಲಿ. ನನ್ನ ತಲೆಯಿಂದ ತಮ್ಮನ್ನು ಗೌರವಪೂರ್ವಕವಾಗಿ ಬಿಡುಗಡೆ ಮಾಡಿದ್ದೇನೆ. ಭಾನುವಾರದ ಹುಳಿಗೆ ತಪ್ಪದೆ ಬನ್ನಿ.

ಇಂತಿ,
ತಮ್ಮ ಮಾಜಿ ಅಭಿಮಾನಿ

ವಿ.ಸೂ.: ಫ್ರಿಜ್ಜಿನಲ್ಲಿ ಉಳಿದಿದ್ದ ಅರ್ಧ ಸೀಸೆ ರಸವನ್ನು ಚೆಲ್ಲಬೇಕೆಂದು ನೋಡಿದರೆ ಅದು ಕಾಲು ಸೀಸೆಯಾಗಿತ್ತು. ಇವತ್ತು ಬೆಳಗ್ಗೆ ಪೇಪರ್ ಓದುತ್ತಿದ್ದ ನಮ್ಮ ಯಜಮಾನರಿಗೆ ಕಾಫಿ ಕೊಡಲು ಬಗ್ಗಿದಾಗ ಚುರುಮುರಿಯ ವಾಸನೆ ಬಂತು. ಅವರದು ಹದಿನೈದು ವರ್ಷದ ಬೋಳು. ವಿಷಯವನ್ನು ತಾವೇ ಅವರಿಗೆ ತಿಳಿಸಿ, ನನ್ನಿಂದಾಗದು.