ಗಂಜಿ ಯಾವ ತಾಲೂಕಿನದು?

ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಹೊಟ್ಟೆ ಕೆಟ್ಟವನಿಗೆ ಯಾವ ಗಂಜಿ ಕುಡಿಸಬೇಕು ಎಂಬುದು ಕಾಯಿಲೆಯ ಮೇಲಲ್ಲ, ನೋಡಲು ಬಂದವರ ತಾಲೂಕಿನ ಮೇಲೆ ನಿಂತಿದೆ. ಗಂಗಾವತಿಯವರು ಬಂದರೆ ಅಕ್ಕಿ ಗಂಜಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಲ್ಲಿ ಬೆಳೆದ ಸೋನಾ ಮಸೂರಿ ಅವರ ಮಟ್ಟಿಗೆ ಊಟವೂ ಹೌದು, ಔಷಧವೂ ಹೌದು, ಊರಿನ ಮರ್ಯಾದೆಯೂ ಹೌದು. ಕುಷ್ಟಗಿ, ಯಲಬುರ್ಗಾ ಕಡೆಯ ಬೀಗರು ಬಂದರೆ, 'ಅಕ್ಕಿ ತಿಂದ್ರ ಹೊಟ್ಟಿ ಗಟ್ಟಿ ಅಕ್ಕೈತೇನ್ರಿ?' ಎಂದು ಜೋಳದ ನುಚ್ಚಿಗೆ ಎಸರಿಡಿಸುತ್ತಾರೆ. ನಡುವೆ ಸಿಕ್ಕ ಕೊಪ್ಪಳದವರು ನಾವು ಎರಡನ್ನೂ ಕುಡಿದು, ಎರಡೂ ಕಡೆಯವರಿಗೆ 'ನಿಮ್ಮ ಗಂಜಿಯಿಂದನ ಕಡಿಮ್ಯಾತ್ರಿ' ಎನ್ನುವುದನ್ನು ಕಲಿತಿದ್ದೇವೆ.

ಹೋದ ಬೇಸಿಗೆಯಲ್ಲಿ ಒಂದು ಮದುವೆ ಊಟ ನನ್ನನ್ನು ಮಲಗಿಸಿತು. ಊರು, ಬೀಗರ ಹೆಸರು ಬೇಡ. ಇನ್ನೂ ಅವರ ಮನೆಯಲ್ಲಿ ಒಂದು ಸೀಮಂತ, ಒಂದು ತೊಟ್ಟಿಲ ಕಾರ್ಯ ಬಾಕಿ ಇವೆ. ಡಾಕ್ಟರಿಗೆ ಅನ್ನದ ಮೇಲೆ ಅನುಮಾನ. ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಗಳು ಅಕ್ಕಿ ಕುದ್ದರೂ ಸಾಯುವುದಿಲ್ಲವಂತೆ. ಅನ್ನವನ್ನು ಗುಡ್ಡೆ ಹಾಕಿ ಸೆಕೆಯಲ್ಲಿ ತಾಸುಗಟ್ಟಲೆ ಬಿಟ್ಟರೆ ಅವು ಎದ್ದು ಬೆಳೆಯುತ್ತವೆ, ವಿಷ ಉಗುಳುತ್ತವೆ. ವಾಂತಿ ಮಾಡಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಜೊತೆಗೆ ಭೇದಿಯೂ ಹತ್ತಿದ್ದರಿಂದ ಬೇರೆ ಸೋಂಕೂ ಸೇರಿರಬೇಕು ಎಂದರು. ಗಂಗಾವತಿಯ ಮಾವನಿಗೆ ಸಿಟ್ಟು ಬಂತು. 'ಅಕ್ಕಿಗೆ ಯಾಕ ಹೆಸರಿಡ್ತೀರಿ? ಮುಂಜಾನಿ ಬಸಿದು ಮಧ್ಯಾಹ್ನತನಕ ಹಂಗ ಇಟ್ಟವ್ನಿಗೆ ಹೇಳ್ರಿ.' ವಿಜ್ಞಾನವೂ ಅಷ್ಟನ್ನೇ ಹೇಳುವುದು ಎಂದು ಮಾವನಿಗೆ ತಿಳಿಸಿದರೆ ವಿಜ್ಞಾನದ ಮೇಲೆ ಅವರಿಗೆ ಸ್ವಲ್ಪ ಗೌರವ ಬಂತು.

ನೋಡಲು ಬಂದವರೆಲ್ಲ ಕೇಳಿದ್ದು ಒಂದೇ: 'ಬಾಟ್ಲಿ ಹಚ್ಚಿದ್ರಿಲ್ಲೋ?' ನಮ್ಮಲ್ಲಿ ಸಲಾಯಿನ್ ಬಾಟಲಿ ತೂಗದ ಕಾಯಿಲೆ ಕಾಯಿಲೆಯೇ ಅಲ್ಲ. ನನಗೆ ಸಿಕ್ಕಿದ್ದು ಓಆರ್‌ಎಸ್ ಪುಡಿ. ಅದರ ಹಿಂದಿನ ಕಥೆ ಗೊತ್ತಿದ್ದರೆ ಬಂದವರು ಚೀಟಿಗೇ ಕೈಮುಗಿಯುತ್ತಿದ್ದರು. 1971ರ ಬಾಂಗ್ಲಾ ಯುದ್ಧದ ವೇಳೆ ಪಶ್ಚಿಮ ಬಂಗಾಳದ ಬನ್‌ಗಾಂವ್ ನಿರಾಶ್ರಿತರ ನಡುವೆ ಕಾಲರಾ ಬಿತ್ತು, ಬಾಟಲಿ ಮುಗಿದವು. ಡಾಕ್ಟರ್ ದಿಲೀಪ್ ಮಹಲನಾಬಿಸ್ ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮಿನಲ್ಲಿ ತುಂಬಿಸಿಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಪದ್ಮವಿಭೂಷಣ ಬಂದದ್ದು 2023ರಲ್ಲಿ, ಅವರು ತೀರಿಕೊಂಡ ಮರುವರ್ಷ. ನಮ್ಮ ದೇಶ ಯಾವುದರಲ್ಲೂ ಅವಸರ ಮಾಡುವುದಿಲ್ಲ.

ಗುಟ್ಟು ಇರುವುದು ಸಕ್ಕರೆಯಲ್ಲಿ. ಗ್ಲೂಕೋಸ್ ಜೊತೆಗಿದ್ದರೆ ಕರುಳು ಉಪ್ಪನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಉಪ್ಪಿನ ಬೆನ್ನಿಗೆ ನೀರು ಹೋಗುತ್ತದೆ. ಗಂಜಿಯಲ್ಲಿನ ಪಿಷ್ಟವೂ ಮೆಲ್ಲಗೆ ಒಡೆದು ಗ್ಲೂಕೋಸ್ ಆಗುವಂಥದ್ದೇ. ಅದಕ್ಕೇ ಅಕ್ಕಿ ಹಿಟ್ಟಿನ ದ್ರಾವಣವನ್ನು ಕಾಲರಾ ರೋಗಿಗಳಿಗೆ ಕುಡಿಸಿ ನೋಡಿದ್ದಾರೆ, ಫಲ ಚೆನ್ನಾಗಿ ಬಂದಿದೆ. ಇದನ್ನು ಕೇಳಿ ಮಾವ ಮೀಸೆ ತಿರುವುವಷ್ಟರಲ್ಲಿ, ಜೋಳದ ಹಿಟ್ಟಿನದನ್ನೂ ಪರೀಕ್ಷಿಸಿದ್ದಾರೆ ಎಂದು ನಾನು ಹೇಳಬಾರದಿತ್ತು. ಯಲಬುರ್ಗಾದ ಚಿಗವ್ವ ಅಲ್ಲೇ ಕೂತಿದ್ದಳು.

ನಗುವ ಮಾತಲ್ಲದ್ದೂ ಇದೆ. 2023ರಲ್ಲಿ ಕನಕಗಿರಿ ತಾಲೂಕಿನ ಬಸರಿಹಾಳ, ಕುಷ್ಟಗಿ ತಾಲೂಕಿನ ಬಿಜಕಲ್‌ನಲ್ಲಿ ವಾಂತಿ-ಭೇದಿ ಹರಡಿ ಜೀವಗಳೇ ಹೋದವು. ಅನುಮಾನ ಬಿದ್ದದ್ದು ಕುಡಿಯುವ ನೀರಿನ ಮೇಲೆ. ಮೈಯ ನೀರು ಖಾಲಿಯಾಗುವುದು ಮಕ್ಕಳಿಗೆ, ಮುದುಕರಿಗೆ ಸಣ್ಣ ವಿಷಯವಲ್ಲ.

ನನ್ನ ವಾಂತಿ ಬೇಗ ನಿಂತಿತು, ಭೇದಿಯೂ ನಿಂತಿತು. ರಜೆಯೂ ಮುಗಿಯಿತು. ಹೊಟ್ಟೆ ಮಾತ್ರ ಕೆಲಸಕ್ಕೆ ಹಾಜರಾಗಲಿಲ್ಲ. ಕಾಯಿಲೆ ಅಲ್ಲ, ಆರಾಮವೂ ಅಲ್ಲ ಎಂಬ ಈ ಮಧ್ಯದ ಕಾಲಕ್ಕೆ ಯಾವ ಕಚೇರಿಯೂ ರಜೆ ಕೊಡುವುದಿಲ್ಲ. ಒಂದು ತುತ್ತು ಒಳಗೆ ಹೋಗುತ್ತಲೇ ಎದ್ದು ಓಡಬೇಕು. ಉಣ್ಣುತ್ತಿದ್ದಂತೆ ದೊಡ್ಡ ಕರುಳು ಅಲುಗುವುದು ಎಲ್ಲರಲ್ಲೂ ಇರುವ ಗುಣವೇ, ಕೆರಳಿದ ಕರುಳು ಅದನ್ನು ಅತಿ ಮಾಡುತ್ತದೆ ಎಂದರು ಡಾಕ್ಟರು. ಮೀಟಿಂಗಿನಲ್ಲಿ ಸಾಹೇಬರು ಮಾತಾಡುವಾಗ ನನ್ನ ಹೊಟ್ಟೆ ಗುಡುಗುಡು ಎಂದು ಉತ್ತರ ಕೊಡುತ್ತಿತ್ತು.

ಎಲ್ಲಕ್ಕಿಂತ ಕಷ್ಟವಾದದ್ದು ಚಾ. ಸಣ್ಣ ಕರುಳಿನ ಒಳಮೈಯಲ್ಲಿ ಅತಿ ಸಣ್ಣ ಎಳೆಗಳು ನಾಟಿ ಮಾಡಿದ ಭತ್ತದ ಸಸಿಯಂತೆ ಒತ್ತಾಗಿ ನಿಂತಿರುತ್ತವೆ. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಇರುವುದು ಅವುಗಳ ತುದಿಯಲ್ಲಿ. ಸೋಂಕಿಗೆ ಮೊದಲು ಹೋಗುವುದೂ ತುದಿಯೇ. ಒಳಮೈ ಹೊಸದಾಗಲು ಕೆಲವು ದಿನ ಸಾಕು, ಹಾಲು ಒಗ್ಗಲು ಕೆಲವು ವಾರವೇ ಬೇಕಾಗಬಹುದು. ಮಜ್ಜಿಗೆ ಅಷ್ಟು ಕಾಡುವುದಿಲ್ಲ, ಹೆಪ್ಪಿನ ಸೂಕ್ಷ್ಮಾಣುಗಳು ಆ ಸಕ್ಕರೆಯಲ್ಲಿ ಒಂದಿಷ್ಟನ್ನು ಮೊದಲೇ ತಿಂದಿರುತ್ತವೆ. ಇದನ್ನೆಲ್ಲ ಹೋದ ಮನೆಯಲ್ಲೆಲ್ಲ ವಿವರಿಸುವುದು ಹೇಗೆ? ನಮ್ಮ ಕಡೆ ಚಾ ಬೇಡ ಎಂದರೆ ಹಳೆಯ ಸಿಟ್ಟು ಇನ್ನೂ ಇದೆ ಎಂದರ್ಥ. 'ಕಪ್ ಬ್ಯಾಡಂದ್ರ ಅರ್ಧಾ ಕಪ್ ಕುಡೀರಿ' ಎನ್ನುತ್ತಾರೆ. ಸಂಜೆ ಹೊತ್ತು ಕೊಪ್ಪಳದ ರಸ್ತೆಬದಿಯ ಬಾಣಲೆಗಳಿಂದ ಮಿರ್ಚಿ ಎದ್ದುಬರುವಾಗ ನಾನು ಆಚೆ ಬದಿಗೆ ದಾಟಿ ನಡೆಯುತ್ತಿದ್ದೆ. ಸುಖ ಇರಲಿಲ್ಲ, ಆಚೆ ಬದಿಯಲ್ಲೂ ಒಂದು ಬಾಣಲೆ ಇತ್ತು.

ಆಮೇಲೆ ಶುರುವಾದದ್ದು ಉಲ್ಟಾ. ಏನೂ ಹೊರಡದು. ಖಾಲಿಯಾದ ಕರುಳು, ಸಾಲದ್ದಕ್ಕೆ ಬರೀ ಗಂಜಿ. ಹೊರಡಲು ಒಳಗೇನಾದರೂ ಇರಬೇಕಲ್ಲ. ಕಾಯಬೇಕು ಎಂದರು ಡಾಕ್ಟರು. ರಕ್ತ ಕಂಡರೆ, ಜ್ವರ ಬಂದರೆ, ತೂಕ ಇಳಿಯುತ್ತ ಹೋದರೆ ತಡಮಾಡದೆ ಬರಬೇಕು. ಕರುಳಿನ ಸೋಂಕಾದ ಹತ್ತು ಮಂದಿಯಲ್ಲಿ ಒಬ್ಬರಿಗೆ ಈ ಕಿರಿಕಿರಿ ತಿಂಗಳುಗಟ್ಟಲೆ ಉಳಿಯುವುದುಂಟು ಎಂದೂ ಹೇಳಿದರು.

ಚಿಗವ್ವ ಕಾಯುವವಳಲ್ಲ. ಗಂಗಾವತಿಯಿಂದ ಕೊಪ್ಪಳಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ, ಫೋನು ಬಂತು. ಆಕೆಯ ದನಿಗೆ ಸ್ಪೀಕರ್ ಬೇಕಿಲ್ಲ.

'ಏನೋ, ಇವತ್ತರ ಹ್ವಾದಿ ಇಲ್ಲೋ?'

'ಬಸ್ನ್ಯಾಗ ಅದೀನಿ ಚಿಗವ್ವ.'

'ಬಸ್ನ್ಯಾಗ ಇದ್ರ ಏನಾತು, ಹೋತೋ ಇಲ್ಲೋ ಅಷ್ಟ ಹೇಳು.'

'ಇಲ್ಲ' ಎಂದೆ. ಬಸ್ಸು ಕೇಳಿಸಿಕೊಂಡಿತು. ಮುಂದಿನ ಸೀಟಿನ ಅಜ್ಜ ತಿರುಗಿ, ರಾತ್ರಿ ಬಿಸಿನೀರಿಗೆ ತುಪ್ಪ ಹಾಕಿ ಕುಡಿಯಬೇಕು ಎಂದ. ಕುಷ್ಟಗಿಯ ಹೆಣ್ಣುಮಗಳೊಬ್ಬಳು ಜೋಳದ ರೊಟ್ಟಿ ಬಿಟ್ಟದ್ದೇ ತಪ್ಪು ಎಂದಳು. ಹಿಂದಿನಿಂದ ಯಾರೋ ಬಾಳೆಹಣ್ಣು ಎಂದರು, ಇನ್ಯಾರೋ ಅದರಿಂದ ಮತ್ತೂ ಕಟ್ಟುತ್ತದೆ ಎಂದರು, ಜಗಳವಾಯಿತು. ಕಂಡಕ್ಟರ್ ಮಾತ್ರ ಏನೂ ಹೇಳದೆ ಟಿಕೆಟ್ ಹರಿದುಕೊಟ್ಟು ಮುಂದೆ ಹೋದ, ನಾಲ್ಕು ಸೀಟು ದಾಟಿ ವಾಪಸು ಬಂದು ಬಗ್ಗಿದ.

'ಅಣ್ಣಾರ, ಬೂದಗುಂಪಾ ಕ್ರಾಸಿನ್ಯಾಗ ಐದು ನಿಮಿಷ ನಿಂದ್ರಸ್ತೀನಿ. ಒಂದು ಪ್ರಯತ್ನ ಮಾಡಿ ಬರ್ರಿ.'