ಗುರುವಾರವೇ ಹೊರಡಿ

ಮಸ್ಕತ್‌ನಲ್ಲಿ ನೆಲೆಸಿದ ಕನ್ನಡಿಗನಿಗೆ ಸಂಬಳದ ಕೆಲಸದ ಜೊತೆಗೆ ಒಂದು ಬಿಟ್ಟಿ ಚಾಕರಿಯೂ ಅಂಟಿಕೊಂಡಿರುತ್ತದೆ: ಊರಿನಿಂದ ಬಂದವರಿಗೆ ಏನೇನು ತೋರಿಸಬೇಕೆಂದು ತೀರ್ಮಾನಿಸುವುದು. ದುಬೈ ಮುಗಿಸಿ ಬರುವ ನೆಂಟರು ಮೊದಲು ಕೇಳುವುದೇ "ಇಲ್ಲಿ ಎತ್ತರದ ಕಟ್ಟಡ ಯಾವುದು?" ಎಂದು. ಅಂಥವರನ್ನು ಮುತ್ರಾದ ಕಡಲ ದಂಡೆಯಲ್ಲಿ ಅಡ್ಡಾಡಿಸಿ, ಯಾವುದಾದರೊಂದು ಮಾಲ್‌ಗೆ ನುಗ್ಗಿಸಿ ಕೈತೊಳೆದುಕೊಳ್ಳುತ್ತೇನೆ. ಮಣ್ಣು, ನೀರು, ಜಾನುವಾರು ಎಂದರೆ ಕಿವಿ ನೆಟ್ಟಗಾಗುವವರು ಬಂದರೆ ಮಾತ್ರ ಕಾರು ನಿಜ್ವಾದ ಕಡೆ ತಿರುಗುತ್ತದೆ. ಈ ಲೆಕ್ಕದಲ್ಲಿ ನನ್ನ ಸೋದರಮಾವನಷ್ಟು ಯೋಗ್ಯ ಪ್ರವಾಸಿ ಇನ್ನೊಬ್ಬರು ಸಿಕ್ಕಿಲ್ಲ. ಕಾಸರಗೋಡು ಕಡೆಯ ಪೆರ್ಲದಲ್ಲಿ ಅವರದು ಅಡಿಕೆ ತೋಟ, ಹಟ್ಟಿ ತುಂಬ ದನ, ಎಲ್ಲ ವಿಷಯದಲ್ಲೂ ಖಚಿತ ಅಭಿಪ್ರಾಯ.

ನಿಜ್ವಾಕ್ಕೆ ಮಸ್ಕತ್‌ನಿಂದ ಸುಮಾರು 160 ಕಿಲೋಮೀಟರ್. ರಸ್ತೆ ಚೆನ್ನಾಗಿದೆ. ಆದರೆ ಶುಕ್ರವಾರ ನಿಧಾನವಾಗಿ ಎದ್ದು, ಇಡ್ಲಿ ತಿಂದು ಹೊರಡುವವರಿಗೆ ಅಲ್ಲಿ ಕಾಣಸಿಗುವುದು ಹಿಕ್ಕೆ ಮಾತ್ರ. ಕೋಟೆಯ ಪಕ್ಕದ ಆಡಿನ ಸಂತೆ ಬೆಳಕು ಹರಿಯುವಾಗ ಶುರುವಾಗಿ, ಒಂಬತ್ತರ ಹೊತ್ತಿಗೆ ಮುಗಿದೇ ಹೋಗುತ್ತದೆ. ಆದ್ದರಿಂದ ಗುರುವಾರ ರಾತ್ರಿಯೇ ಹೋಗಿ ಅಲ್ಲಿ ಮಲಗಬೇಕು.

ನಮ್ಮ ಸಂತೆಯಲ್ಲಿ ದನ ನಿಂತಿರುತ್ತದೆ, ಕೊಳ್ಳುವವನು ಸುತ್ತುತ್ತಾನೆ. ಇಲ್ಲಿ ಕೊಳ್ಳುವವನು ಗತ್ತಿನಿಂದ ಕೂತಿರುತ್ತಾನೆ, ಮಾರುವವನು ಆಡನ್ನು ಎಳೆದುಕೊಂಡು ಬೆಲೆ ಕೂಗುತ್ತ ವೃತ್ತದಲ್ಲಿ ಸುತ್ತು ಹೊಡೆಯುತ್ತಾನೆ. ಬೇಕೆನಿಸಿದರೆ ಕೈ ತೋರಿಸಿ ನಿಲ್ಲಿಸಿ, ಹಲ್ಲು ನೋಡಿ, ಬೆನ್ನು ಒತ್ತಿ ನೋಡಿ, ಬೇಡವೆನಿಸಿದರೆ ಮುಂದೆ ಕಳಿಸಬಹುದು. ಮಾವ ಹುಟ್ಟಾ ಸಸ್ಯಾಹಾರಿ. ಆದರೂ ಕೈ ಸುಮ್ಮನಿರಲಿಲ್ಲ. ಉದ್ದ ಕೂದಲಿನ ಕಂದು ಬಣ್ಣದ ಹೆಣ್ಣಾಡೊಂದನ್ನು ನಿಲ್ಲಿಸಿ, ಕೆಚ್ಚಲಿಗೆ ಕೈಹಾಕಿ, "ಹಾಲು ಎಷ್ಟು ಕೊಡ್ತದೆ ಕೇಳು" ಎಂದರು. ನನ್ನ ಹರುಕು ಅರಬ್ಬಿಯಲ್ಲಿ ಕೇಳಿದೆ. ಬಿಳಿ ಗಡ್ಡದ ಮಾರಾಟಗಾರ ಒಂದು ಗಳಿಗೆ ನಮ್ಮಿಬ್ಬರನ್ನೂ ನೋಡಿದ. ಮಾಂಸ ಎಷ್ಟು ತೂಗುತ್ತದೆ ಎಂದು ಕೇಳುವವರನ್ನಷ್ಟೇ ಕಂಡವನಿರಬೇಕು. ಆಮೇಲೆ ಇದ್ದಕ್ಕಿದ್ದಂತೆ ಮುಖ ಅರಳಿಸಿ, ಆಡಿನ ತಾಯಿ, ಅಜ್ಜಿ, ಮೇವು, ಸ್ವಭಾವ ಎಲ್ಲವನ್ನೂ ವಿವರಿಸತೊಡಗಿದ. ಮಾವ ತಲೆಯಾಡಿಸುತ್ತ ಕೇಳಿದರು. ಅರ್ಥವಾಯಿತೇ ಎಂದರೆ, "ಆಡಿನ ವಿಷಯ ಅಲ್ವಾ, ಅರ್ಥ ಆಗದೆ ಎಂತ" ಎಂದರು.

ಸಂತೆ ಮುಗಿದ ಮೇಲೆ ಸೂಕ್, ಅಂದರೆ ಪೇಟೆ. ಖರ್ಜೂರ, ಬಹ್ಲಾದ ಮಣ್ಣಿನ ಮಡಕೆ, ಬೆಳ್ಳಿಯ ಒಡವೆ, ಒಮಾನ್ ಬಾವುಟದಲ್ಲೂ ಇರುವ ಖಂಜರ್ ಎಂಬ ಡೊಂಕು ಬಾಕು. ಬಾಕು ಕೊಂಡರೆ ದಯವಿಟ್ಟು ಕೈಚೀಲದಲ್ಲಿ ಇಟ್ಟುಕೊಂಡು ವಿಮಾನ ಹತ್ತಲು ಹೋಗಬೇಡಿ. ಹಲ್ವಾ ಧೈರ್ಯವಾಗಿ ತಿನ್ನಿ. ಅದರಲ್ಲಿರುವುದು ಪಿಷ್ಟ, ಸಕ್ಕರೆ, ತುಪ್ಪ, ಕೇಸರಿ, ಗುಲಾಬಿ ನೀರು. ಜೊತೆಗೆ ಪುಟ್ಟ ಬಟ್ಟಲಲ್ಲಿ ಏಲಕ್ಕಿ ಹಾಕಿದ ಕಹ್ವಾ ಕೊಡುತ್ತಾರೆ. ಸಾಕಾದರೆ ಬಟ್ಟಲನ್ನು ಆಚೀಚೆ ಅಲ್ಲಾಡಿಸಬೇಕು, ಇಲ್ಲದಿದ್ದರೆ ಸುರಿಯುತ್ತಲೇ ಇರುತ್ತಾರೆ. ಮಾವನಿಗೆ ಇದನ್ನು ಮೊದಲೇ ಹೇಳಿದ್ದೆ. ಅವರು ಬೇಕೆಂದೇ ಅಲ್ಲಾಡಿಸಲಿಲ್ಲ.

ಪೇಟೆಯ ನಿಜವಾದ ತಮಾಷೆ ಬೇರೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ್ದನ್ನು ಮಾವ ಇಂದಿಗೂ ಕ್ಷಮಿಸಿಲ್ಲ. ಮಲಯಾಳದ ಬೋರ್ಡು ಮಾತ್ರ ಇರುವ ಬಸ್ಸು ಬಂದರೆ ಓದಲು ಬಾರದವರಂತೆ ಪಕ್ಕದವರನ್ನು ಕೇಳುತ್ತಾರೆ. ಆದರೆ ಕೊಲ್ಲಿ ದೇಶಗಳ ಚಹಾದಂಗಡಿಗಳಲ್ಲಿ ಮಲಯಾಳ ಬಲ್ಲವನೇ ಮಹಾಶೂರ. ನಾನು ಹಿಂದಿಯಲ್ಲಿ ತಡವರಿಸುತ್ತಿದ್ದಾಗ ಮಾವ ನಿರರ್ಗಳ ಮಲಯಾಳದಲ್ಲಿ ಚಹಾದವನ ಊರು, ತಂದೆಯ ಉದ್ಯೋಗ, ಒಳ್ಳೆಯ ಖರ್ಜೂರ ಸಿಗುವ ಅಂಗಡಿ ಎಲ್ಲವನ್ನೂ ತಿಳಿದುಕೊಂಡು, ಚಹಾದ ದುಡ್ಡನ್ನೂ ಉಳಿಸಿದರು. ಹೊರಗೆ ಬಂದು ತೀರ್ಪು ಕೊಟ್ಟರು: "ಮಲಯಾಳ ಇಲ್ಲಿಗೆ ಬೇಕು ಮಾರಾಯ, ಊರಿಗೆ ಬೇಡ."

ಕೋಟೆಯನ್ನು 17ನೇ ಶತಮಾನದ ನಡುವಿನಲ್ಲಿ ಇಮಾಮ್ ಸುಲ್ತಾನ್ ಬಿನ್ ಸೈಫ್ ಅಲ್ ಯಾರುಬಿ ಕಟ್ಟಿಸಿದ. ಹನ್ನೆರಡು ವರ್ಷ ಹಿಡಿಯಿತಂತೆ. ಭಾರಿ ದುಂಡು ಬುರುಜು. ಮೇಲೆ ಹೋಗುವ ಮೆಟ್ಟಿಲು ತಿರುಗಿ ತಿರುಗಿ ಹತ್ತುತ್ತದೆ, ದಾರಿಯುದ್ದಕ್ಕೂ ಬಾಗಿಲು, ಬಾಗಿಲ ನೆತ್ತಿಯಲ್ಲಿ ತೂತು. ನುಗ್ಗಿದ ಶತ್ರುವಿನ ತಲೆಗೆ ಆ ತೂತಿನಿಂದ ಕುದಿಯುವ ಖರ್ಜೂರದ ಪಾಕ ಸುರಿಯುತ್ತಿದ್ದರು. ಕೆಳಗೆ ಪಾಕದ ಕೋಣೆಯೂ ಇದೆ: ಏಣು ಏಣಾದ ನೆಲದ ಮೇಲೆ ಖರ್ಜೂರದ ಚೀಲ ಪೇರಿಸಿಟ್ಟರೆ ತಮ್ಮ ಭಾರಕ್ಕೇ ರಸ ಇಳಿದು ಕಾಲುವೆಗುಂಟ ಹರಿದು ಪಾತ್ರೆಗೆ ಬೀಳುತ್ತದೆ. ಮಾವ ಬಗ್ಗಿ ನೋಡಿ ಹಲುಬಿದರು, "ಛೆ, ಇಷ್ಟು ಜೋನಿಬೆಲ್ಲ ದಂಡ!"

ಸುತ್ತಲಿನ ಹಳ್ಳಿಗಾಡಿಗೆ ಬಂದರೆ, ಸಮಯ ಕಮ್ಮಿಯಿದ್ದವರು ಬೇರೆಲ್ಲ ಬಿಟ್ಟು ಫಲಜ್ ದಾರಿಸ್ ನೋಡಲಿ ಎಂಬುದು ನನ್ನ ಮತ. ನೆಲದಡಿಯ ನೀರನ್ನು ಪಂಪು ಗಿಂಪು ಇಲ್ಲದೆ, ಬರೀ ಇಳಿಜಾರಿನ ಲೆಕ್ಕದಲ್ಲಿ ಊರಿಗೆ ತರುವ ಕಾಲುವೆಗೆ ಫಲಜ್ ಎನ್ನುತ್ತಾರೆ. ಒಮಾನ್‌ನಲ್ಲಿ ಸುಮಾರು 3,000 ಫಲಜ್‌ಗಳು ಈಗಲೂ ಹರಿಯುತ್ತಿವೆ. ಐದನ್ನು 2006ರಲ್ಲಿ ಯುನೆಸ್ಕೋ ವಿಶ್ವಪರಂಪರೆಗೆ ಸೇರಿಸಿದೆ. ದಾರಿಸ್ ಆ ಐದರಲ್ಲೊಂದು. ನೀರಿನ ಪಾಲು ಹೊತ್ತಿನ ಲೆಕ್ಕದಲ್ಲಿ. ಹಗಲು ನೆರಳು ಅಳೆದು, ರಾತ್ರಿ ನಕ್ಷತ್ರ ನೋಡಿ ತೋಟದಿಂದ ತೋಟಕ್ಕೆ ನೀರು ತಿರುಗಿಸುತ್ತಿದ್ದರು. ಮಾವ ಚಪ್ಪಲಿ ಕಳಚಿ ಕಾಲು ಇಳಿಬಿಟ್ಟು, "ಇದು ನಮ್ಮ ಸುರಂಗದ ದೊಡ್ಡಪ್ಪ" ಎಂದರು. ಸುಳ್ಳಲ್ಲ. ಪೆರ್ಲ, ಬಾಯಾರು ಕಡೆ ಗುಡ್ಡದ ಮುರಕಲ್ಲು ಕೊರೆದು ಅಡ್ಡಕ್ಕೆ ನೀರು ತರುವ ಸುರಂಗಗಳು ಇಂದಿಗೂ ಉಂಟು. ಮಾವನದ್ದೇ ಒಂದಿದೆ. ನೀರು ಹಂಚಿಕೆಯಲ್ಲಿ ಜಗಳ ಆಗುವುದಿಲ್ಲವೇ ಎಂದು ಕಾಲುವೆ ಪಕ್ಕ ಕೂತ ಮುದುಕನನ್ನು ಕೇಳಿಸಿದರು. ಆಗುತ್ತದೆ ಎಂದ. ಮಾವನಿಗೆ ಸಮಾಧಾನವಾಯಿತು.

ಜಿಬ್ರೀನ್ ಅರಮನೆಯ ಬಣ್ಣದ ಚಾವಣಿ ಚೆಂದ. ಇಮಾಮನ ಕುದುರೆಗೆ ಮಹಡಿಯಲ್ಲೇ ಕೋಣೆ ಇತ್ತೆಂದು ತೋರಿಸುತ್ತಾರೆ. ಬಹ್ಲಾ ಕೋಟೆ 1987ರಿಂದ ವಿಶ್ವಪರಂಪರೆಯ ಪಟ್ಟಿಯಲ್ಲಿದೆ. ಬಿಸಿಲಲ್ಲಿ ಎರಡೆರಡು ಕೋಟೆ ಹತ್ತುವ ಚಟ ಇದ್ದವರಿಗೆ ಅದು.

ಜಬಲ್ ಅಖ್ದರ್ ಬೆಟ್ಟ ಮಾತ್ರ ತಪ್ಪಿಸಬೇಡಿ. ಬಿರ್ಕತ್ ಅಲ್ ಮೌಜ್ ಊರು ದಾಟಿದೊಡನೆ ಪೊಲೀಸರು ತಡೆದು, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಎಳೆತ ಇರುವ ಗಾಡಿಯೇ ಎಂದು ನೋಡುತ್ತಾರೆ. "ಆಗುಂಬೆ ಘಾಟಿಯಲ್ಲಿ ಬಸ್ಸೇ ಹೋಗ್ತದೆ" ಎಂಬ ಮಾವನ ವಾದವನ್ನು ನಾನು ಅನುವಾದಿಸಲಿಲ್ಲ. ಇಳಿಯುವಾಗ ಬ್ರೇಕು ಕಾದು ಕೈಕೊಟ್ಟ ಗಾಡಿಗಳು ನುಗ್ಗಿ ನಿಲ್ಲಲೆಂದು ರಸ್ತೆ ಬದಿಯಲ್ಲೇ ದಿಬ್ಬ ಮಾಡಿಟ್ಟಿದ್ದನ್ನು ಕಂಡ ಮೇಲೆ ಅವರು ಆಗುಂಬೆಯ ಸುದ್ದಿ ಎತ್ತಲಿಲ್ಲ. ಮೇಲಿನ ಸೈಕ್ ಪ್ರಸ್ಥಭೂಮಿ ಸುಮಾರು 2,000 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯೇ 1,930. ಅಂದರೆ ಹೆಚ್ಚುಕಮ್ಮಿ ಕರ್ನಾಟಕದ ತುತ್ತತುದಿಯಷ್ಟು ಎತ್ತರದಲ್ಲಿ ಇವರು ಗುಲಾಬಿ, ದಾಳಿಂಬೆ, ಅಕ್ರೋಟು ಬೆಳೆಯುತ್ತಾರೆ.

ಗುಲಾಬಿ ಕೊಯ್ದು ಪನ್ನೀರು ಬಟ್ಟಿ ಇಳಿಸುವುದನ್ನು ನೋಡಬೇಕಾದರೆ ಏಪ್ರಿಲ್‌ನಲ್ಲಿ ಬನ್ನಿ. ದಾಳಿಂಬೆ ತಿನ್ನಬೇಕಾದರೆ ಸೆಪ್ಟೆಂಬರ್‌ನಲ್ಲಿ. ಬರೀ ತಂಪು ಹವೆ ಸಾಕಾದರೆ ನವೆಂಬರ್‌ನಿಂದ ಫೆಬ್ರುವರಿ. ಟಿಕೆಟ್ ಅಗ್ಗವೆಂದು ಜೂನ್‌ನಲ್ಲಿ ಬರುವವರು ನನಗೆ ಫೋನ್ ಮಾಡಬಾರದಾಗಿ ವಿನಂತಿ.