ಇಂಚು, ಸೆಂಟ್ಸಿನ ಗೆಳೆತನ

ಸಕಲೇಶಪುರ, ಆಲೂರು ಕಡೆಯ ಕಾಫಿ ಬೆಳೆಗಾರರ ವಾಟ್ಸಾಪ್ ಗುಂಪಿನಲ್ಲಿ ಯಾರೂ ಹೆಸರು ಕೇಳುವುದಿಲ್ಲ. "ನಿಮ್ಮಲ್ಲಿ ಎಷ್ಟಾಯ್ತು?" ಅಷ್ಟೇ. ಹವಾಮಾನ ಇಲಾಖೆ ಮಿಲಿಮೀಟರಿನಲ್ಲಿ ಅಳೆದುಕೊಳ್ಳಲಿ, ನಮ್ಮ ಮಳೆ ಬೀಳುವುದು ಇಂಚು, ಸೆಂಟ್ಸಿನಲ್ಲೇ (ನೂರು ಸೆಂಟ್ಸಿಗೆ ಒಂದಿಂಚು). ಮಾರ್ಚ್‌ನಲ್ಲಿ ಹೂಮಳೆ ಬಂದರೆ ಹಾನುಬಾಳಿನವರು ಒಂದೂವರೆ ಇಂಚೆಂದು ಮೆರೆಯುತ್ತಾರೆ; ಬಾಳ್ಳುಪೇಟೆಯವರು 20 ಸೆಂಟ್ಸೆಂದು ಅಳುವ ಮುಖ ಅಂಟಿಸುತ್ತಾರೆ. ರೊಬಸ್ಟಾ ಹೂ ಸರಿಯಾಗಿ ಅರಳಲು ಇಂಚಾದರೂ ಬೇಕಲ್ಲ! ತಕ್ಷಣ ಸಾಂತ್ವನ: "ತಡ ಮಾಡ್ಬೇಡಿ ಗೌಡ್ರೇ, ಸ್ಪ್ರಿಂಕ್ಲರ್ ಹಾಕ್ಬಿಡಿ." ಗೌಡರ ಮುಖ ಕಂಡವರಿಲ್ಲ, ಅವರ ಕೆರೆಯಲ್ಲಿ ನೀರೆಷ್ಟಿದೆ ಎಂಬುದು ಎಲ್ಲರಿಗೂ ಗೊತ್ತು.

ಇನ್ನೊಂದು ನಂಟು ಆನೆ. ನೆಂಟರ ಮಕ್ಕಳ ಹೆಸರು ಮರೆಯುವವರಿಗೂ ಭುವನೇಶ್ವರಿ, ಬೀಟಮ್ಮನ ಆನೆ ಹಿಂಡುಗಳು ಚೆನ್ನಾಗಿ ನೆನಪಿರುತ್ತವೆ. "ಭೀಮ ನಿಮ್ಮ ಕಡೆ ಹೊರಟ, ಗೇಟು ತೆಗೆದಿಡಿ" ಎಂಬುದು ಇಲ್ಲಿ ತಮಾಷೆಯಲ್ಲ. ಮುಚ್ಚಿಟ್ಟರೆ ಗೇಟೇ ಹೋಗುತ್ತದೆ.

ಕೊನೆಗೊಮ್ಮೆ ಯಾವುದೋ ಮದುವೆಯಲ್ಲಿ ಮುಖಾಮುಖಿ. "ನೀವು ಹೊಸಕೋಟೆಯ 80 ಸೆಂಟ್ಸಾ?" "ಹೌದು, ನೀವು ಯಸಳೂರು ಮೂರಿಂಚಲ್ವಾ?" ಪಕ್ಕಪಕ್ಕ ಕೂತು ಉಂಡು, ಕಾಳುಮೆಣಸಿನ ರೇಟು ಮುಗಿಸಿ, ಹೆಸರು ಕೇಳಿಕೊಂಡದ್ದು ಎಲೆ ತೆಗೆಯುವ ಹೊತ್ತಿಗೆ.